ಪರ-ವಿರೋಧ: ಪಾರ್ಮಾ ಗೆದ್ದ ಕಪ್‌ಗಳು ಪಾರ್ಮಾದವೇ?

ಇಟಲಿಯ ಪಾರ್ಮಾ ಊರಿನ ಫುಟ್‌ಬಾಲ್ ಕ್ಲಬ್ 1992ರಿಂದ 2002ರ ನಡುವೆ ಎಂಟು ದೊಡ್ಡ ಕಪ್ ಗೆದ್ದಿತು. ಆಗ ಕ್ಲಬ್ಬಿನ ಒಡೆತನ ಪಾರ್ಮಾಲಾಟ್ ಎಂಬ ಹಾಲಿನ ಕಂಪನಿಯದು. ಆ ಕಂಪನಿಯ ಲೆಕ್ಕಪತ್ರವೇ ಸುಳ್ಳು ಅಂತ 2003ರಲ್ಲಿ ಬಯಲಾಯಿತು. ಹಾಗಾದರೆ ಊರಿನವರು ಆ ಕಪ್‌ಗಳನ್ನು ನಮ್ಮವು ಅಂತ ಹೆಮ್ಮೆಯಿಂದ ಹೇಳಿಕೊಳ್ಳಬಹುದೇ?

ಪರ: ಊರಿನವೇ, ಅನುಮಾನ ಯಾಕೆ?

ಪಾರ್ಮಾ ಅಂದ ಕೂಡಲೇ ಎಲ್ಲರೂ ಹಾಲಿನ ಪ್ಯಾಕೆಟ್ ತೋರಿಸುತ್ತಾರೆ. ಕ್ಲಬ್ ಹುಟ್ಟಿದ್ದು 1913ರಲ್ಲಿ. ಸಂಗೀತಗಾರ ವೆರ್ದಿ ಹುಟ್ಟಿ ನೂರು ವರ್ಷವಾಯಿತು ಅಂತ ಮೊದಲು ಅವರ ಹೆಸರನ್ನೇ ಇಟ್ಟಿದ್ದರು. ಕ್ಲಬ್ಬಿನ ತಾರ್ದಿನಿ ಮೈದಾನ 1923ರಿಂದ ಇದೆ. ಪಾರ್ಮಾಲಾಟ್ ಶುರುವಾದದ್ದು 1961ರಲ್ಲಿ. ಯಾರು ಹಿರಿಯರು, ನೀವೇ ಹೇಳಿ.

ಕೋಚ್ ಅರಿಗೊ ಸಾಕ್ಕಿ ಹೆಸರು ಮಾಡಿದ್ದೂ ಇಲ್ಲೇ. ಅವರ ಪಾರ್ಮಾ 1986-87ರ ಇಟಾಲಿಯನ್ ಕಪ್‌ನಲ್ಲಿ ಮಿಲಾನ್ ತಂಡವನ್ನು ಸೋಲಿಸಿತು. ಸೋತ ಮಿಲಾನ್‌ನ ಒಡೆಯ ಬೆರ್ಲುಸ್ಕೋನಿ ಏನು ಮಾಡಿದರು? ಸಾಕ್ಕಿಯನ್ನೇ ಮಿಲಾನ್‌ಗೆ ಕರೆದುಕೊಂಡು ಹೋದರು. 1990ರಲ್ಲಿ ಕೋಚ್ ನೆವಿಯೊ ಸ್ಕಾಲಾ ತಂಡವನ್ನು ಮೊದಲ ಬಾರಿ ಸೀರಿ ಎಗೆ, ಅಂದರೆ ಇಟಲಿಯ ಮೊದಲ ದರ್ಜೆಯ ಲೀಗ್‌ಗೆ ಏರಿಸಿದರು. ಆ ತಂಡವನ್ನು ಬೆಳೆಸಿದ ಅಧ್ಯಕ್ಷ ಎರ್ನೆಸ್ಟೊ ಚೆರೆಸಿನಿ ಅದನ್ನು ನೋಡಲು ಬದುಕಿರಲಿಲ್ಲ, ಕೆಲವೇ ತಿಂಗಳ ಮೊದಲು ತೀರಿಕೊಂಡಿದ್ದರು. ಪಾರ್ಮಾಲಾಟ್‌ನ ಒಡೆಯ ಕಾಲಿಸ್ಟೊ ತಾಂಝಿ ಕ್ಲಬ್ಬನ್ನು ಪೂರ್ತಿ ಕೈಗೆ ತೆಗೆದುಕೊಂಡದ್ದು ಆಮೇಲೆ. 1993ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಬೆಲ್ಜಿಯಂನ ಆಂಟ್ವರ್ಪ್ ವಿರುದ್ಧ 3-1ರಿಂದ ಗೆದ್ದಾಗ ನಮ್ಮ ಮೊದಲೆರಡು ಗೋಲು ಮಿನೊತ್ತಿ ಮತ್ತು ಮೆಲ್ಲಿಯವರದು. ಇಬ್ಬರೂ ಎರಡನೇ ದರ್ಜೆಯಲ್ಲಿ ಇದೇ ಅಂಗಿ ಹಾಕಿ ಬೆವರು ಸುರಿಸಿದವರು. ಅವರನ್ನು ಹಾಲಿನ ದುಡ್ಡು ತಂದಿತೇ?

ಇನ್ನು ದುಡ್ಡಿನ ಮಾತು. ಯುವೆಂಟಸ್ ಬೆನ್ನಿಗೆ ಫಿಯಟ್ ಒಡೆಯರು. ಮಿಲಾನ್ ಬೆನ್ನಿಗೆ ಬೆರ್ಲುಸ್ಕೋನಿಯ ಟಿವಿ. ರೋಮಿನ ಲಾಜಿಯೊ 2000ರಲ್ಲಿ ಲೀಗ್ ಗೆದ್ದಾಗ ಅದರ ಒಡೆಯರಿಗೆ ಚಿರಿಯೊ ಎಂಬ ಟೊಮೆಟೊ ಡಬ್ಬಿಯ ಕಂಪನಿ ಇತ್ತು. ಅದೂ 2002ರಲ್ಲಿ ಸಾಲ ತೀರಿಸಲಾಗದೆ ಬಿತ್ತು. ನಿಮ್ಮ ಕಪ್ ಯಾರದ್ದು ಅಂತ ರೋಮಿನವರನ್ನು ಯಾರೂ ಕೇಳುವುದಿಲ್ಲ. ಸುಮಾರು ಎರಡು ಲಕ್ಷವಷ್ಟೇ ಜನ ಇರುವ ಊರನ್ನು ಮಾತ್ರ ಕೇಳುತ್ತಾರೆ.

ನಾನು ಕೆಲವು ವರ್ಷ ಪಾರ್ಮಾ ಹತ್ತಿರ ಪ್ಯಾಕಿಂಗ್ ಯಂತ್ರ ಮಾಡುವ ಕಡೆ ಕೆಲಸದಲ್ಲಿದ್ದೆ. 2015ರಲ್ಲಿ ಕ್ಲಬ್ ದಿವಾಳಿಯಾಗಿ, ಹೊಸ ಹೆಸರಿನಲ್ಲಿ ನಾಲ್ಕನೇ ದರ್ಜೆಯಿಂದ, ಅಂದರೆ ಸೀರಿ ಡಿಯಿಂದ ಶುರು ಮಾಡಿತ್ತು. ನಮ್ಮ ವರ್ಕ್‌ಶಾಪಿನ ಹಿರಿಯರೊಬ್ಬರು ಒಂದು ಭಾನುವಾರ ನನ್ನನ್ನು ತಾರ್ದಿನಿಗೆ ಎಳೆದುಕೊಂಡು ಹೋದರು. ಎದುರಾಳಿ ಯಾವ ಊರು ಅಂತ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. "ನಮ್ಮ ಅತ್ತೆ ಮನೆ ಕಡೆ ಎಲ್ಲೋ" ಅಂದರು. ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ಜನವೋ ಜನ. ಅಧ್ಯಕ್ಷರ ಕುರ್ಚಿಯಲ್ಲಿ ಅದೇ ಸ್ಕಾಲಾ. ಕೋಚ್ ಆಗಿ ವೆಂಬ್ಲಿಯಲ್ಲಿ ಆಡಿದ್ದ ಅಪೊಲ್ಲೋನಿ. ಕ್ಯಾಪ್ಟನ್ ಲುಕಾರೆಲ್ಲಿ ಸೀರಿ ಎ ಬಿಟ್ಟು ಕ್ಲಬ್ಬಿನ ಜೊತೆಗೇ ಕೆಳಗಿಳಿದು ಬಂದವರು. ಆ ಸೀಸನ್ನಿನ ಲೀಗ್‌ನಲ್ಲಿ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಮೂರು ವರ್ಷದಲ್ಲಿ ಮೂರು ಸಲ ಮೇಲೇರಿ 2018ಕ್ಕೆ ಮತ್ತೆ ಸೀರಿ ಎ ಸೇರಿತು. ನಮ್ಮ ಹಿರಿಯರಿಗೆ ಮುಂದೆ ನಡೆಯುತ್ತಿದ್ದ ಆಟಕ್ಕಿಂತ ವೆಂಬ್ಲಿ ಕಥೆಯೇ ಜಾಸ್ತಿ. ಬಸ್ಸಿನಲ್ಲಿ ಹೋದದ್ದು, ದಾರಿಯಲ್ಲಿ ಹಾಡಿ ಹಾಡಿ ಗಂಟಲು ಕಟ್ಟಿದ್ದು, ವಾಪಸ್ ಬಂದು ನೇರ ಕೆಲಸಕ್ಕೆ ಹೋದದ್ದು. ನಾನು ಸುಮ್ನೆ ತಾಂಝಿ ಹೆಸರೆತ್ತಿದೆ. ತಮ್ಮ ಬನ್ನಿನಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟು, "ಮೆಲ್ಲಿಯ ಆ ಗೋಲು ನೀನು ನೋಡಬೇಕಿತ್ತು" ಅಂದರು. ಅವರ ಹತ್ತಿರ ಹೋಗಿ ಆ ಕಪ್ ನಿಮ್ಮದಲ್ಲ ಅಂತ ಹೇಳುವವರು ಹೇಳಲಿ. ನನ್ನಿಂದಂತೂ ಆಗದು.

ವಿರೋಧ: ಬಿಲ್ ಕಟ್ಟಿದವರು ಬೇರೆ

ಮೊದಲೇ ಹೇಳಿಬಿಡುತ್ತೇನೆ, ಈ ಪಕ್ಷ ನನ್ನ ಪಾಲಿಗೆ ಬಂದದ್ದು. ಆಗಿನ ಪಾರ್ಮಾ ಆಟಗಾರರಾದ ಅಸ್ಪ್ರಿಲ್ಲಾ ಓಟಕ್ಕೆ, ಝೋಲಾ ಫ್ರೀಕಿಕ್ಕಿಗೆ ನಾನೂ ಮರುಳಾದವನೇ. ಆದರೂ ಒಪ್ಪಿಕೊಂಡ ಕೆಲಸ, ಮಾಡುತ್ತೇನೆ.

1995ರ ಯುಇಎಫ್‌ಎ ಕಪ್, ಅಂದರೆ ಯುರೋಪಿನ ಕ್ಲಬ್‌ಗಳ ಒಂದು ಟೂರ್ನಿ, ಅದರ ಫೈನಲ್‌ನಲ್ಲಿ ಪಾರ್ಮಾ ಪರ ಎರಡೂ ಗೋಲು ಹೊಡೆದವರು ಡೀನೊ ಬಾಜಿಯೊ. ಎದುರಾಳಿ ಯುವೆಂಟಸ್. ಅವರನ್ನು ಕೊಂಡು ತಂದದ್ದೂ ಯುವೆಂಟಸ್‌ನಿಂದಲೇ! 1999ರಲ್ಲಿ ಅದೇ ಕಪ್‌ನ ಫೈನಲ್‌ನಲ್ಲಿ ಮಾಸ್ಕೋದಲ್ಲಿ ಫ್ರಾನ್ಸಿನ ಮಾರ್ಸೇ ತಂಡವನ್ನು 3-0ಯಿಂದ ಸೋಲಿಸಿದವರನ್ನು ನೋಡಿ. ಕ್ರೆಸ್ಪೊ ಅರ್ಜೆಂಟೀನಾದಿಂದ, ತುರಾಂ ಮೊನಾಕೊದಿಂದ, ಕನ್ನಾವಾರೊ ನಾಪೊಲಿಯಿಂದ, ವೆರೋನ್ ಮತ್ತು ಕಿಯೇಸಾ ಸಾಂಪ್‌ಡೋರಿಯಾದಿಂದ ಬಂದವರು. ಕ್ಲಬ್ಬಿನಲ್ಲೇ ಬೆಳೆದ ಹುಡುಗ ಗೋಲ್‌ಕೀಪರ್ ಬುಫೊನ್. ಅವರನ್ನೂ 2001ರಲ್ಲಿ ಯುವೆಂಟಸ್‌ಗೆ ಮಾರಿದರು.

ತಾರ್ದಿನಿಯಲ್ಲಿ ಕೂರುವುದು ಇಪ್ಪತ್ತು ಸಾವಿರ ಚಿಲ್ಲರೆ ಜನ. ಅಲ್ಲಿನ ಟಿಕೆಟ್ ದುಡ್ಡಿನಲ್ಲಿ ಇಷ್ಟು ಮಂದಿಯನ್ನು ತರಲು ಆಗುತ್ತಾ? ದುಡ್ಡು ಕಂಪನಿಯಿಂದ ಬರುತ್ತಿತ್ತು. ಕಂಪನಿಗೆ ಎಲ್ಲಿಂದ ಬರುತ್ತಿತ್ತು ಅನ್ನುವುದು 2003ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ಬ್ಯಾಂಕಿನಲ್ಲಿ ಇದೆ ಅಂದಿದ್ದ 395 ಕೋಟಿ ಯೂರೋ ಇರಲೇ ಇಲ್ಲ, ಕಾಗದವೇ ನಕಲಿ. ಕೊನೆಗೆ ಲೆಕ್ಕ ಹಾಕಿದಾಗ ಸುಮಾರು 1400 ಕೋಟಿ ಯೂರೋ ಕೊರತೆ. ಕಂಪನಿಗೆ ಸಾಲ ಕೊಟ್ಟಂತೆ ಅದರ ಬಾಂಡ್ ಕೊಂಡು ಕೈ ಸುಟ್ಟುಕೊಂಡ ಸಣ್ಣ ಉಳಿತಾಯದವರು ಲಕ್ಷಕ್ಕೂ ಮೇಲೆ. ತಾಂಝಿಗೆ 2010ರಲ್ಲಿ ಪಾರ್ಮಾ ಕೋರ್ಟೇ 18 ವರ್ಷ ಜೈಲು ವಿಧಿಸಿತು. ಕಪ್ ಹಿಡಿದು ಊರಿನಲ್ಲಿ ಮೆರವಣಿಗೆ ಮಾಡಿದಾಗ ಈ ಬಾಂಡಿನವರನ್ನು ಯಾರೂ ಕರೆದಿರಲಿಲ್ಲ.

ಪರ ಬರೆದವರ ಲೇಖನ ನಾನು ಓದಿಲ್ಲ. ಆದರೆ ಅದರಲ್ಲಿ ಸೀರಿ ಡಿ ಬಂದೇ ಬಂದಿರುತ್ತದೆ, ಲುಕಾರೆಲ್ಲಿ ಬಂದಿರುತ್ತಾರೆ, ಎಲ್ಲೋ ಒಂದು ಕಡೆ ಕಣ್ಣೂ ಒದ್ದೆಯಾಗಿರುತ್ತದೆ. ಅದು 2015ರ ಮೇಲಿನ ಮಾತು, ನಮ್ಮ ಪ್ರಶ್ನೆಗೆ ಸಂಬಂಧವಿಲ್ಲ. ಲಾಜಿಯೊ ವಿಷಯ ಎತ್ತಿದ್ದರೆ ಅದಕ್ಕೆ ಬೇರೆ ಪರ-ವಿರೋಧ ಇಡಿ, ಅಲ್ಲೂ ನಾನೇ ವಿರೋಧ ಬರೆಯುತ್ತೇನೆ.

ಒಂದು ರಿಯಾಯಿತಿ ಕೊಡಬಲ್ಲೆ. ಇಷ್ಟೆಲ್ಲ ಖರ್ಚು ಮಾಡಿಯೂ ಪಾರ್ಮಾ ಯಾವತ್ತೂ ಲೀಗ್ ಗೆಲ್ಲಲಿಲ್ಲ. 1996-97ರಲ್ಲಿ ಆಂಚೆಲೊತ್ತಿ ಕೋಚ್ ಆಗಿದ್ದಾಗ ಯುವೆಂಟಸ್‌ಗಿಂತ ಎರಡೇ ಪಾಯಿಂಟ್ ಹಿಂದೆ ಬಿದ್ದು ಎರಡನೆಯದಾಯಿತು. ಆ ಎರಡನೇ ಸ್ಥಾನವನ್ನು ಬೇಕಾದರೆ ಊರಿನವರು ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ.