ಇಪ್ಪತ್ತು ಸಲ ಬರೆಸಿದರೆ ಸ್ಪೆಲಿಂಗ್ ಬರಲ್ಲ

ಸಂಜೆಯಿಂದ ಸಿಟ್ಟು ಇಳಿದಿಲ್ಲ. ಪಕ್ಕದ ಮನೆಯ ಹುಡುಗ, ಮೂರನೇ ಕ್ಲಾಸು, ನೋಟ್‌ಬುಕ್ ಹಿಡಿದುಕೊಂಡು ಬಂದಿದ್ದ. 'ರೇನ್' ಅನ್ನೋದನ್ನ ಆರ್-ಎ-ಎನ್-ಇ ಅಂತ ಬರೆದಿದ್ದಾನೆ. ಅದರ ಮೇಲೆ ಕೆಂಪು ಗೀಟು. ಸರಿಯಾದ ಸ್ಪೆಲಿಂಗ್, ಆರ್-ಎ-ಐ-ಎನ್, ಇಪ್ಪತ್ತು ಸಲ ಬರೆದುಕೊಂಡು ಬಾ ಅಂತ ಕೆಳಗೆ ಆಜ್ಞೆ. ಬರೆದಿದ್ದಾನೆ ಪಾಪ. ಅರ್ಧ ಪುಟ ದಾಟುವಷ್ಟರಲ್ಲಿ ಎ-ಐ ಹೋಗಿ ಐ-ಎ ಆಗಿದೆ. ಕೊನೇ ಸಾಲಿನ ತನಕ ಹಾಗೇ ಇದೆ.

ಆ ಮಗು ಯೋಚನೆ ಮಾಡಿ ಬರೆದಿದೆ! ಕೇಕ್, ಗೇಟ್, ಲೇಟ್ ಎಲ್ಲ ಅವನಿಗೆ ಗೊತ್ತು. 'ಏ' ಅಂತ ಕೇಳಿಸಿದರೆ ನಡುವೆ ಎ, ಕೊನೆಗೆ ಇ ಹಾಕಬೇಕು ಅಂತ ತಾನೇ ಕಂಡುಕೊಂಡಿದ್ದಾನೆ. ಯಾರೂ ಹೇಳಿಕೊಟ್ಟಿಲ್ಲ. ಬೆನ್ನು ತಟ್ಟಬೇಕಾದ ಕಡೆ ಕೆಂಪು ಗೀಟು ಎಳೆದಿದ್ದಾರೆ.

ನಾನು ಸಂಜೆ ಹೊತ್ತು ಇಂಗ್ಲಿಷ್ ಕ್ಲಾಸು ನಡೆಸುತ್ತೇನೆ. ಮನೆಗೆಲಸಕ್ಕೆ ಹೋಗುವ ಹೆಂಗಸರು, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರು, ಅವರ ಜೊತೆ ಬರುವ ಮಕ್ಕಳು. ನಾನು ಶುರು ಮಾಡೋದು ಕಿವಿಯಿಂದ. ಪುಸ್ತಕ ಮುಚ್ಚಿಸಿ ಕೇಳಿಸುತ್ತೇನೆ. ಪೆನ್, ಪೇನ್. ಸೆಲ್, ಸೇಲ್. ಗೆಟ್, ಗೇಟ್. ಎರಡೂ ಬೇರೆ ಅಂತ ತಕ್ಷಣ ಹೇಳುತ್ತಾರೆ. ಬೆಳೆ, ಬೇಳೆ ಎರಡೂ ಒಂದೇ ಅಂತ ಯಾವ ಕನ್ನಡದವರು ಅಂದಾರು? ಹಿಂದಿ ಅಕ್ಷರಮಾಲೆಯಲ್ಲಿ ಹ್ರಸ್ವ ಎ, ದೀರ್ಘ ಏ ಅಂತ ಎರಡು ಅಕ್ಷರವೇ ಇಲ್ಲ. ನಮ್ಮ ಮಕ್ಕಳಿಗೆ ಈ ಕಿವಿ ಹುಟ್ಟಿನಿಂದಲೇ ಬಂದಿದೆ. ಅದನ್ನು ಬಳಸಿಕೊಳ್ಳದೆ ಆರ್-ಎ-ಐ-ಎನ್ ಅಂತ ಬರೀ ಬಾಯಿಪಾಠ ಮಾಡಿಸುತ್ತಾರಲ್ಲ, ಅದಕ್ಕೇ ನನಗೆ ಹೊಟ್ಟೆ ಉರಿಯೋದು.

ಆಮೇಲೆ ಬೋರ್ಡಿನ ಮೇಲೆ 'ಟ್ಯಾಪ್' ಬರೆದು ಕೊನೆಗೆ ಒಂದು ಇ ಸೇರಿಸುತ್ತೇನೆ. ಟೇಪ್. ಮ್ಯಾಡ್‌ಗೆ ಇ ಹಾಕಿದರೆ ಮೇಡ್. ಪ್ಲ್ಯಾನ್‌ಗೆ ಇ ಹಾಕಿದರೆ ಪ್ಲೇನ್. ಆ ಇ ತಾನು ಬಾಯಿ ಬಿಡಲ್ಲ, ಹಿಂದಿನ ಎ ಕೈಲಿ 'ಏ' ಅನ್ನಿಸುತ್ತೆ. ಇದು ಗಟ್ಟಿಯಾಗುವ ತನಕ ಮುಂದೆ ಹೋಗಲ್ಲ. ಆಮೇಲೆ ಎ-ಐ ಜೋಡಿ, ಅದು ಪದದ ನಡುವೆ: ರೇನ್, ಟ್ರೇನ್, ಪೇಂಟ್. ಆಮೇಲೆ ಎ-ವೈ, ಅದು ಪದದ ಕೊನೆಗೆ: ಡೇ, ಪ್ಲೇ, ಸಂಡೇ. ಇಂಗ್ಲಿಷ್ ಪದಗಳು ಐ ಅಕ್ಷರದಲ್ಲಿ ಮುಗಿಯೋದು ಅಪರೂಪ, ಅದಕ್ಕೇ ಅಲ್ಲಿ ವೈ. ಇಷ್ಟನ್ನು ಹೇಳೋಕೆ ಎಷ್ಟು ಹೊತ್ತು ಬೇಕು?

ನಮ್ಮ ಕ್ಲಾಸಿನ ಒಬ್ಬ ಅಕ್ಕ ಮೊನ್ನೆ ಮಾತ್ರೆಯ ಪಟ್ಟಿ ತಂದು ತೋರಿಸಿದರು. ಚಿಕ್ಕ ಅಕ್ಷರಗಳ ಮೇಲೆ ಉಗುರಿಟ್ಟು, 'ಡೇಟ್' ಅಂತ ಓದಿದರು. ಆ ಪದ ನಾನು ಕಲಿಸಿಯೇ ಇರಲಿಲ್ಲ. ಗೇಟ್, ಲೇಟ್ ಮಾತ್ರ ಬರೆಸಿದ್ದೆ. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳೋಕೆ ನಾಚಿಕೆ ಏನಿಲ್ಲ.

'ಇಂಗ್ಲಿಷಿಗೆ ನಿಯಮ ಎಲ್ಲಿದೆ? ಉರು ಹೊಡೆಯೋದೇ ದಾರಿ' ಅಂತ ಹೇಳುವವರು ನಮ್ಮ ಟೀಚರುಗಳಲ್ಲೇ ಬಹಳ ಜನ. ನಿಯಮ ಇದೆ, ಹಳೆಯದಾಗಿದೆ ಅಷ್ಟೇ. ಹದಿನಾಲ್ಕನೇ ಶತಮಾನದಲ್ಲಿ 'ನೇಮ್' ಅನ್ನೋದನ್ನ ಹೆಚ್ಚುಕಡಿಮೆ 'ನಾಮ' ಅಂತಲೇ ಅನ್ನುತ್ತಿದ್ದರು, ಕೊನೆಯ ಇ ಕೂಡ ಕೇಳಿಸುತ್ತಿತ್ತು. 'ರೇನ್' ಆಗ 'ರೈನ್' ಥರ ಇತ್ತು. ಎರಡು ಬೇರೆ ಸ್ವರ, ಅದಕ್ಕೇ ಎರಡು ಬೇರೆ ಸ್ಪೆಲಿಂಗ್. ಸುಮಾರು 1400ರಿಂದ 1700ರ ನಡುವೆ ಇಂಗ್ಲೆಂಡಿನ ಜನರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಅಷ್ಟರಲ್ಲಿ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಅಲ್ಲಿ ಅಚ್ಚುಕೂಟ ಶುರು ಮಾಡಿದ್ದ. ಮುಂದೆ ಅಚ್ಚಿನಲ್ಲಿ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಯಿತು, ಮಾತು ಮಾತ್ರ ಮುಂದಕ್ಕೆ ಹೋಯಿತು. ಮಕ್ಕಳಿಗೆ ಈ ಕಥೆ ಎಲ್ಲ ಬೇಡ. ಟೀಚರಿಗೆ ಗೊತ್ತಿದ್ದರೆ ಕೆಂಪು ಪೆನ್ನು ಎತ್ತುವ ಮೊದಲು ಒಂದು ಕ್ಷಣ ಯೋಚಿಸುತ್ತಾರೆ.

'ನಾವೂ ಉರು ಹೊಡೆದೇ ಕಲಿತಿದ್ದು, ನಮಗೇನಾಗಿದೆ?' ಇದು ಇನ್ನೊಂದು ಮಾತು. ನಿಮಗೇನೂ ಆಗಿಲ್ಲ, ಒಪ್ಪಿದೆ. ಇಂಗ್ಲಿಷಿಗೆ ಹೆದರಿ ಹತ್ತನೇ ಕ್ಲಾಸಿಗೇ ಓದು ಬಿಟ್ಟವರು ನನ್ನ ಕ್ಲಾಸಿನ ಚಾಪೆ ಮೇಲೆ ಕೂತಿದ್ದಾರೆ. ಅವರನ್ನು ಕೇಳಿ ನೋಡಿ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದಿದ್ದು 2007-08ರಲ್ಲಿ. ಇಷ್ಟು ವರ್ಷ ಆದರೂ ಇಂಗ್ಲಿಷ್ ಪದದ ತಲೆ ಮೇಲೆ ಕನ್ನಡದಲ್ಲಿ 'ರೇನ್' ಅಂತ ಬರೆದುಕೊಂಡು ಓದುವ ಮಕ್ಕಳು ಎಲ್ಲ ಊರಲ್ಲೂ ಸಿಗುತ್ತಾರೆ. ಅವರು ಓದುತ್ತಿರೋದು ಕನ್ನಡವನ್ನೇ ಅಲ್ವಾ?

ನಿಯಮಕ್ಕೆ ಸಿಗದ ಪದಗಳೂ ಇವೆ. ಗ್ರೇಟ್, ಮುರಿಯೋ ಬ್ರೇಕ್, ತಿನ್ನೋ ಸ್ಟೇಕ್, ದೇ, ಎಂಟು ಅನ್ನೋ ಏಟ್. ಇವನ್ನು ಉರು ಹೊಡೆಸಲೇಬೇಕು, ನಾನೂ ಹೊಡೆಸುತ್ತೇನೆ. ಆದರೆ ಮೇಲೆ ಹೇಳಿದ ಮೂರೂ ನಿಯಮ ಗಟ್ಟಿಯಾದ ಮೇಲೆ, ಒಂದೊಂದಾಗಿ.