ಹ್ಯಾಲೋವೀನ್ ಅಮೆರಿಕದ್ದಂತೆ!

ಬೆಳಿಗ್ಗೆ ಎದ್ದು ಫೋನ್ ನೋಡಿದ್ರೆ ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪನ ಫಾರ್ವರ್ಡು. ಹ್ಯಾಲೋವೀನ್ ಅಮೆರಿಕದ ಕಂಪನಿಗಳ ಹಬ್ಬ, ಮಕ್ಕಳನ್ನ ಕಾಪಾಡ್ಕೊಳ್ಳಿ ಅಂತ. ಕೆಳಗೆ ಹನ್ನೊಂದು ಕೈಮುಗಿಯೋ ಇಮೋಜಿ. ದೊಡ್ಡಪ್ಪಾ, ನಾನಿರೋದು ಐರ್ಲೆಂಡಲ್ಲಿ, ಆ ಹಬ್ಬದ ತವರಲ್ಲೇ ಕೂತು ಇದನ್ನ ಓದ್ಬೇಕಾಯ್ತಲ್ಲ ನನ್ ಕರ್ಮ.

ಇಲ್ಲಿ ಅದರ ಹಳೇ ಹೆಸರು 'ಸೌವಿನ್'. ಮೊದಲ ಸಲ ನನಗೆ 'ಸಾವಿನ' ಅಂತಲೇ ಕೇಳಿಸಿತ್ತು. ತೀರಾ ತಪ್ಪೂ ಅಲ್ಲ ಬಿಡಿ. ಕೊಯ್ಲು ಮುಗಿದು ಚಳಿಗಾಲ ಕಾಲಿಡೋ ರಾತ್ರಿ, ಸತ್ತವರು ಓಡಾಡ್ತಾರೆ ಅನ್ನೋ ನಂಬಿಕೆ, ಗುಡ್ಡದ ಮೇಲೆ ಬೆಂಕಿ, ಅವರಿಗೆ ಗುರುತು ಸಿಗಬಾರದು ಅಂತ ವೇಷ. ಆಮೇಲೆ ಚರ್ಚು ನವೆಂಬರ್ 1ನ್ನ ಸಕಲ ಸಂತರ ದಿನ ಮಾಡ್ತು, ಅದರ ಹಿಂದಿನ ಸಂಜೆಯ ಇಂಗ್ಲಿಷ್ ಹೆಸರೇ ಬಾಯಿಂದ ಬಾಯಿಗೆ ಸವೆದು ಹ್ಯಾಲೋವೀನ್ ಆಯ್ತು. ಐರಿಷಲ್ಲಿ ಇವತ್ತಿಗೂ ನವೆಂಬರ್ ತಿಂಗಳಿಗೆ ಸೌವಿನ್ ಅಂತಲೇ ಅನ್ನೋದು. ಅಮೆರಿಕ ಅಂತೆ ಅಮೆರಿಕ!

ಮೂತಿ ಕೆತ್ತಿ ಒಳಗೆ ದೀಪ ಇಡೋ ಆ ಕುಂಬಳಕಾಯಿ ಅಮೆರಿಕದ್ದು, ಒಪ್ಕೋತೀನಿ. 1845ರಿಂದ ಆಲೂಗಡ್ಡೆ ಕೊಳೆತು ಕ್ಷಾಮ ಬಂದಾಗ ಹಡಗು ಹತ್ತಿ ಹೋದ ಲಕ್ಷಾಂತರ ಜನ ಹಬ್ಬಾನೂ ಜೊತೇಲಿ ಒಯ್ದ್ರು, ಅಲ್ಲಿ ಕೆತ್ತೋಕೆ ಸುಲಭ ಅಂತ ಕುಂಬಳಕಾಯಿ ಹಿಡಿದ್ರು. ಇಲ್ಲಿ ಕೆತ್ತುತ್ತಿದ್ದದ್ದು ಟರ್ನಿಪ್ ಗಡ್ಡೆ. ಇಲ್ಲೇ ಮೇಯೋ ಕೌಂಟಿಯ ಮ್ಯೂಸಿಯಮ್ಮಲ್ಲಿ ಡೊನೆಗಾಲ್ ಕಡೆಯ ಒಂದು ಟರ್ನಿಪ್ ಮೂತಿಯ ಅಚ್ಚಿದೆ, ಹಲ್ಲು ಕಿರಿದ್ಕೊಂಡು ಸುಕ್ಕುಗಟ್ಟಿರೋ ಅದರ ಮುಂದೆ ಕುಂಬಳಕಾಯಿ ಪಾಪದ ಮಗು. ಹಠಕ್ಕೆ ಬಿದ್ದು ಈ ಸಲ ನಾನೂ ಒಂದು ತಂದೆ, ನವಿಲುಕೋಸಿನ ಅಣ್ಣನ ಥರ ಇರುತ್ತೆ, ಕಲ್ಲು! ಎರಡು ಚಮಚ ಬಗ್ಗಿದ್ವು, ಹೆಬ್ಬೆರಳಲ್ಲಿ ಬೊಬ್ಬೆ ಬಂತು, ಕೊನೆಗೂ ಒಳಗೆ ಕ್ಯಾಂಡಲ್ ಹಚ್ಚಿದ್ರೆ ಮನೆಯೆಲ್ಲಾ ಸುಟ್ಟ ಮೂಲಂಗಿ ವಾಸನೆ. ಹೆಂಡತಿ ಏನೂ ಅನ್ಲಿಲ್ಲ, ಕಿಟಕಿ ತೆಗೆದಳು.

'ಆದ್ರೂ ಈಗಿನ ಟ್ರಿಕ್ ಆರ್ ಟ್ರೀಟು, ಪ್ಲಾಸ್ಟಿಕ್ ಅಸ್ಥಿಪಂಜರ ಎಲ್ಲಾ ಅಮೆರಿಕದಿಂದಲೇ ತಾನೇ ಬಂದಿದ್ದು' ಅಂತ ತಮ್ಮ ಗ್ರೂಪಲ್ಲಿ ಲಾಯರ್ ಥರ ಪಾಯಿಂಟ್ ಹಾಕಿದ. ಹೌದಪ್ಪಾ, ಬಂದಿದೆ. ಮೆಣಸಿನಕಾಯೀನೂ ಅಮೆರಿಕ ಖಂಡದಿಂದಲೇ ಬಂದಿದ್ದು, ಬ್ಯಾಡಗಿಗೆ ಹೋಗಿ ಹೇಳು ನೋಡೋಣ. ಈಗ ಟ್ರಿಕ್ ಆರ್ ಟ್ರೀಟ್ ಅಂತ ಮನೆಮನೆಗೆ ಹೋಗಿ ಸಿಹಿ ಕೇಳೋ ಡಬ್ಲಿನ್ ಮಕ್ಕಳು ಮೊದಲೆಲ್ಲಾ ಕೇಳ್ತಿದ್ದದ್ದು 'ಹೆಲ್ಪ್ ದ ಹ್ಯಾಲೋವೀನ್ ಪಾರ್ಟಿ' ಅಂತ. ಬೇಡ್ತಿದ್ದದ್ದು ಸೇಬು, ನಟ್ಸು, ಅಷ್ಟೇ.

ಮನೆಮನೆ ಅಂದಾಗ ಒಂದು ಮಾತು ಹೇಳ್ಬೇಕು, ನಾಚಿಕೆ ಆಗುತ್ತೆ. ಬಂದ ಮೊದಲ ವರ್ಷ ಇದೆಲ್ಲ ನಮ್ಮದಲ್ಲ ಅಂತ ಲೈಟೆಲ್ಲ ಆರಿಸಿ, ರಗ್ಗು ಹೊದ್ದು, ಬೆಲ್ ಹೊಡೀತಿದ್ರೂ ಉಸಿರು ಬಿಗಿಹಿಡಿದು ಕೂತಿದ್ದೆ. ನಾನು! ತೀರ್ಥಹಳ್ಳಿ ಕಡೆ ದೀಪಾವಳಿ ರಾತ್ರಿ ದೀಪ ಹಿಡ್ಕೊಂಡು ಮನೆಮನೆಗೆ ಹಾಡ್ತಾ ಹೋಗೋ ಅಂಟಿಗೆ ಪಿಂಟಿಗೆಯವರ ಹಿಂದೆ ಚಪ್ಪಲಿ ಇಲ್ದೆ ಓಡಿದವನು. ನಮ್ಮಜ್ಜಿ ನಿದ್ದೆಗಣ್ಣಲ್ಲೇ ಎದ್ದು ಬಂದು ಆ ದೀಪಕ್ಕೆ ಎಣ್ಣೆ ಎರೀತಿದ್ಲು, ಒಂದು ವರ್ಷವೂ ಬಾಗಿಲು ಹಾಕ್ಕೊಂಡು ಕೂತಿದ್ದಿಲ್ಲ.

ಮಾರನೇ ದಿನ ಪಕ್ಕದ್ಮನೆ ಅಜ್ಜಿ 'ನೀವು ಊರಲ್ಲಿರ್ಲಿಲ್ವೇನೋ' ಅಂತ ಬಾರ್ಮ್‌ಬ್ರ್ಯಾಕ್ ತಂದುಕೊಟ್ರು. ಒಣದ್ರಾಕ್ಷಿ ಹಾಕಿದ ಬ್ರೆಡ್ಡು, ಒಳಗೆ ಉಂಗುರ ಸಿಕ್ಕಿದ್ರೆ ಮದುವೆ, ಕಾಸು ಸಿಕ್ಕಿದ್ರೆ ದುಡ್ಡು, ಬಟ್ಟೆ ಚೂರು ಸಿಕ್ಕಿದ್ರೆ ಬಡತನ. ನನಗೆ ಸಿಕ್ಕಿದ್ದು ಬಟ್ಟೆ ಚೂರು. ಅದೇ ತಿಂಗಳು ಗೀಸರ್ ಕೆಟ್ಟಿತು, ಅದು ಬೇರೆ ಕಥೆ.

ದೊಡ್ಡಪ್ಪನಿಗೆ ಇದೆಲ್ಲಾ ಟೈಪ್ ಮಾಡಿ ಟರ್ನಿಪ್ ಫೋಟೋ ಸಮೇತ ಕಳಿಸಿದೆ. 'ಯಾರಿಗೆ ದೃಷ್ಟಿ ತೆಗೆಯೋಕೆ?' ಅಂತ ರಿಪ್ಲೈ ಬಂದಿದೆ.