‘ಏನೂ ಆಗಲ್ಲ’ ಅಂದರೆ ಲಸಿಕೆಯ ಭಯ ಹೋಗಲ್ಲ

2025ರ ಜೂನ್, ಜುಲೈನಲ್ಲಿ ಟಿವಿ ಹಾಕಿದರೆ ನಮ್ಮ ಹಾಸನದ್ದೇ ಸುದ್ದಿ. ಸುಮಾರು 40 ದಿನಗಳಲ್ಲಿ 20ಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ಹೋದರು, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು ಅಂತ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಕು ಹರಿಯುವ ಮೊದಲೇ ಕ್ಯೂ. ಎದೆ ಸ್ವಲ್ಪ ಚುಳ್ ಅಂದರೂ ಇಸಿಜಿ. ಅದರ ಜೊತೆಗೇ ನಾಲ್ಕು ವರ್ಷ ಹಳೆಯ ಪ್ರಶ್ನೆ ಮತ್ತೆ ಎದ್ದು ಕೂತಿತು. ‘ಆವತ್ತು ಹಾಕಿಸಿಕೊಂಡ ಕೋವಿಡ್ ಲಸಿಕೆಯಿಂದಲೇ ಇರಬಹುದಾ?’ ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಆ ಅನುಮಾನವನ್ನು ಎಕ್ಸ್‌ನಲ್ಲಿ ಬರೆದ ಮೇಲೆ ಜನರನ್ನು ಹಿಡಿಯುವವರು ಯಾರು?

ಆಮೇಲೆ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ವರದಿ ಕೊಟ್ಟಿತು. ಚಿಕ್ಕ ವಯಸ್ಸಿನ ಹೃದಯಾಘಾತಕ್ಕೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದಿತು. ಅದಕ್ಕೂ ಮೊದಲೇ, 2023ರಲ್ಲಿ, ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ದೇಶದ 47 ಆಸ್ಪತ್ರೆಗಳ ಮಾಹಿತಿ ಇಟ್ಟುಕೊಂಡು 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ನೋಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಅಲ್ಲಿ ಕಾಣಲಿಲ್ಲ. ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹೀಗೆ ಸತ್ತವರಿದ್ದವರು, ಹಿಂದಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದವರು, ಇಂಥವರಲ್ಲಿ ಅಪಾಯ ಜಾಸ್ತಿ ಇತ್ತು.

ವರದಿಗಳೇನೋ ಬಂದವು, ಆದರೆ ನಮ್ಮೂರ ಕಟ್ಟೆ ಮೇಲೆ ಇವತ್ತಿಗೂ ಅದೇ ಮಾತು ನಡೆಯುತ್ತದೆ. ಸುಶಿಕ್ಷಿತರು ಅನ್ನಿಸಿಕೊಂಡವರು ಇದನ್ನು ನೋಡಿ ‘ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ’ ಅನ್ನುತ್ತಾರೆ. ನನಗೆ ಇದು ಬಹಳ ಬೇಸರದ ವಿಷಯ. ಲಸಿಕೆಗೆ ಹಿಂದೇಟು ಹಾಕಿದವರಲ್ಲಿ ನಾನು ಹತ್ತಿರದಿಂದ ನೋಡಿದವರು ಯಾರೂ ದಡ್ಡರಲ್ಲ. ಅವರಿಗೆ ಆತಂಕ ಇತ್ತು. ಆತಂಕದಲ್ಲಿ ಇರುವವರಿಗೆ ಬೈದರೆ, ಹೆದರಿಸಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. 2021ರಲ್ಲಿ ನಾವು ಮಾಡಿದ್ದು ಬಹುಪಾಲು ಅದನ್ನೇ.

ಆ ವರ್ಷವನ್ನು ನೆನಪಿಸಿಕೊಳ್ಳಿ. ಜನವರಿ 16ಕ್ಕೆ ಆರೋಗ್ಯ ಸಿಬ್ಬಂದಿಗೆ ಲಸಿಕೆ ಶುರುವಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ. ಆಗ ನಮ್ಮ ಕಡೆ ಎಷ್ಟೋ ಕೇಂದ್ರಗಳಲ್ಲಿ ನರ್ಸ್‌ಗಳು ಜನರಿಗೆ ಕಾದು ಕೂತಿದ್ದರು. ‘ನೋಡೋಣ, ನಾಲ್ಕು ಜನ ಹಾಕಿಸಿಕೊಳ್ಳಲಿ’ ಅನ್ನುವವರೇ ಎಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ಎರಡನೇ ಅಲೆ. ಬೆಡ್ ಇಲ್ಲ, ಆಮ್ಲಜನಕ ಇಲ್ಲ, ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬ್ಯುಲೆನ್ಸ್ ಸಾಲು. ಅದೇ ಜನ ಮೇ ತಿಂಗಳಲ್ಲಿ ನಸುಕಿಗೇ ಹೋಗಿ ಕ್ಯೂನಲ್ಲಿ ಚಪ್ಪಲಿ ಇಟ್ಟು ಬಂದರು. ಬೆಂಗಳೂರಿನ ಹುಡುಗರು ಲಸಿಕೆ ನೋಂದಣಿಯ ಕೋವಿನ್ ಜಾಲತಾಣದಲ್ಲಿ ಸ್ಲಾಟ್ ಸಿಕ್ಕ ಹಳ್ಳಿಗೆ ಕಾರು ಓಡಿಸಿಕೊಂಡು ಹೋದರು. ರಾಜ್ಯದಲ್ಲಿ 18ರಿಂದ 44ರವರಿಗೆ ಮೇ 10ಕ್ಕೆ ಶುರುವಾದದ್ದು, ಲಸಿಕೆ ಸಾಲದೆ 14ರಿಂದ ನಿಂತೇ ಹೋಯಿತು.

ಮಾರ್ಚ್‌ನಲ್ಲಿ ಬೇಡ ಅಂದವರಿಗೆ ಮೇನಲ್ಲಿ ಹೊಸದಾಗಿ ವಿಜ್ಞಾನ ತಿಳಿದದ್ದೇನೂ ಅಲ್ಲ. ಮೊದಲು ಸೂಜಿಯ ಭಯ ದೊಡ್ಡದಿತ್ತು, ಆಮೇಲೆ ಪಕ್ಕದ ಮನೆಯ ಸಾವಿನ ಭಯ ದೊಡ್ಡದಾಯಿತು. ಎರಡು ಸಲವೂ ತೀರ್ಮಾನ ಮಾಡಿದ್ದು ಭಯವೇ. ಸರಿಯಾದ ಕಡೆಗೆ ತಳ್ಳಿತು ಅನ್ನುವ ಕಾರಣಕ್ಕೆ ಮೇ ತಿಂಗಳ ಭಯವನ್ನು ‘ಜಾಗೃತಿ’ ಅಂತ ಕರೆದುಬಿಟ್ಟೆವು. ಅದಕ್ಕೇ ಅದು ಉಳಿಯಲಿಲ್ಲ. ಅಲೆ ಇಳಿದ ಮೇಲೆ ಎರಡನೇ ಡೋಸ್‌ಗೆ ಮತ್ತೆ ಜನರನ್ನು ಹುಡುಕಿಕೊಂಡು ಹೋಗಬೇಕಾಯಿತು.

ನಮ್ಮ ಮನೆಗಳಲ್ಲಿ ಈ ಆತಂಕಕ್ಕೆ ಇನ್ನೊಂದು ಮುಖವೂ ಇದೆ. ನನಗೆ ಗೊತ್ತಿರುವ ಒಬ್ಬರು, ಓದಿದವರು, ತಾಯಿಗೆ ಲಸಿಕೆ ಹಾಕಿಸಲು ವಾರಗಟ್ಟಲೆ ಒದ್ದಾಡಿದರು. ಕೇಳಿದರೆ ಒಂದೇ ಮಾತು. ‘ನಾನೇ ಕರ್ಕೊಂಡು ಹೋಗಿ ಅಮ್ಮನಿಗೆ ಏನಾದ್ರೂ ಆದ್ರೆ? ಅಣ್ಣ, ಅಕ್ಕ ನನ್ನನ್ನ ಸುಮ್ನೆ ಬಿಡ್ತಾರಾ?’ ಹಾಕಿಸದೆ ಕೋವಿಡ್ ಬಂದರೆ ಅದು ಹಣೆಬರಹ. ಹಾಕಿಸಿ ಏನಾದರೂ ಆದರೆ ಕೈಯಾರೆ ಮಾಡಿದ ಪಾಪ. ಲೆಕ್ಕದಲ್ಲಿ ಮೊದಲನೆಯ ಅಪಾಯವೇ ಎಷ್ಟೋ ಪಟ್ಟು ದೊಡ್ಡದು. ಆದರೆ ತಾಯಿಯ ವಿಷಯದಲ್ಲಿ ಲೆಕ್ಕ ಹಾಕುವಷ್ಟು ಸಮಾಧಾನ ಯಾವ ಮಗನಿಗಿರುತ್ತದೆ? ಈ ಹೊರೆ ಹೊತ್ತು ಒಳಗೊಳಗೇ ನರಳಿದವರು ಲಕ್ಷಾಂತರ ಜನ ಇರಬೇಕು. ಅವರಿಗೆ ಒಬ್ಬರೂ ಒಂದು ಮಾತು ಹೇಳಲಿಲ್ಲ.

ಆತಂಕ ಮನಸ್ಸಿನಲ್ಲಿ ಹುಟ್ಟಿದರೂ ಮೈಯನ್ನೂ ಅಲುಗಾಡಿಸುತ್ತದೆ. ಸೂಜಿ ಹತ್ತಿರ ಬರುತ್ತಿದ್ದ ಹಾಗೆ ಎದೆ ಡವಡವ, ಅಂಗೈ ಬೆವರು, ಬೆರಳಲ್ಲಿ ಜುಮ್ಮೆನ್ನುವುದು, ಕಣ್ಣು ಕತ್ತಲೆ. ಇವು ನಾಟಕ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ, ಅಂದರೆ ಕೋವಿಡ್ ಲಸಿಕೆ ಬರುವ ಮೊದಲೇ, ಇದಕ್ಕೆಂದೇ ಒಂದು ಕೈಪಿಡಿ ತಂದಿತ್ತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಐದು ಲಸಿಕಾ ಕೇಂದ್ರಗಳಲ್ಲಿ ಮೂರೇ ದಿನದಲ್ಲಿ 64 ಜನರಿಗೆ ಹೀಗಾಯಿತು. 17 ಜನ ಮೂರ್ಛೆ ಹೋದರು. ಕೆಲವು ಕಡೆ ಕೇಂದ್ರವನ್ನೇ ಆ ದಿನ ಮುಚ್ಚಿದರು. ವಿಚಾರಿಸಿ ನೋಡಿದರೆ ಎಲ್ಲ ಆತಂಕದಿಂದ ಆದದ್ದು.

ಇನ್ನೊಂದು ಸಂಗತಿ ನನ್ನನ್ನು ನಿಜವಾಗಲೂ ಬೆರಗುಗೊಳಿಸಿತು. ಲಸಿಕೆ ಪ್ರಯೋಗಗಳಲ್ಲಿ ಅರ್ಧದಷ್ಟು ಜನರಿಗೆ ಔಷಧಿಯೇ ಇಲ್ಲದ ಖಾಲಿ ಇಂಜೆಕ್ಷನ್ ಕೊಡುತ್ತಾರಲ್ವಾ? ಅಂಥ 12 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಅಧ್ಯಯನ 2022ರ ಜನವರಿಯಲ್ಲಿ ಬಂತು. ಖಾಲಿ ಇಂಜೆಕ್ಷನ್ ಪಡೆದವರಲ್ಲೂ 35% ಜನ ಮೊದಲ ಡೋಸ್ ಆದ ಮೇಲೆ ತಲೆನೋವು, ಸುಸ್ತು ಇತ್ಯಾದಿ ಹೇಳಿದ್ದರು. ಆಗುತ್ತದೆ ಅಂತ ಕಾದು ಕೂತರೆ ಮೈ ಅದನ್ನು ಕೊಡುತ್ತದೆ.

ಹಾಗಾದರೆ ಅಡ್ಡಪರಿಣಾಮಗಳನ್ನು ಹೇಳದಿರುವುದೇ ಒಳ್ಳೆಯದಾ? ಅಲ್ಲ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಕೆಲಸ ಕೆಡಿಸಿದ್ದೇ ‘ಏನೂ ಆಗಲ್ಲ, ಬನ್ನಿ’ ಅನ್ನುವ ಮಾತು. ಒಬ್ಬರು ಹಾಕಿಸಿಕೊಂಡು ಬಂದರು. ರಾತ್ರಿ ಜ್ವರ, ಮೈಕೈ ನೋವು, ಎರಡು ದಿನ ಹಾಲು ಕರೆಯಲೂ ಏಳಲಿಲ್ಲ. ಮಾಮೂಲಿ ಜ್ವರ, ಮೂರನೇ ದಿನ ಹೋಯಿತು. ಆದರೆ ಕೇರಿಯವರು ನೋಡಿದ್ದು ಏನೂ ಆಗಲ್ಲ ಅಂದವರ ಮಾತು ಸುಳ್ಳಾಯಿತು ಅನ್ನುವುದನ್ನು. ಮರುದಿನದಿಂದ ಆ ಸಾಲಿನ ಮನೆಗಳಿಂದ ಒಬ್ಬರೂ ಬರಲಿಲ್ಲ.

ದಾರಿಗೆ ತಂದದ್ದು ನಮ್ಮೂರ ಆಶಾ ಕಾರ್ಯಕರ್ತೆ. ನಮ್ಮ ದೊಡ್ಡಮ್ಮನ ಜಗಲಿ ಮೇಲೆ ಅವರು ಕೂತದ್ದನ್ನು ನಾನು ನೋಡಿದ್ದೇನೆ. ಕೈಯಲ್ಲಿ ರಿಜಿಸ್ಟರ್ ಇತ್ತು, ತೆರೆಯಲೇ ಇಲ್ಲ. ದೊಡ್ಡಮ್ಮ ಬಿಡಿಸುತ್ತಿದ್ದ ಅವರೆಕಾಯಿಯನ್ನು ತಾನೂ ಬಿಡಿಸುತ್ತಾ ಮಾತಾಡಿದರು. ‘ಜ್ವರ ಬರುತ್ತೆ ದೊಡ್ಡವ್ವ, ಸುಳ್ಳು ಹೇಳಲ್ಲ. ರಾತ್ರಿ ಮೈ ಬಿಸಿ ಆದ್ರೆ ಈ ಮಾತ್ರೆ ನುಂಗಿ ಮಲ್ಕೋ. ಬೆಳಿಗ್ಗೆ ನಾನೇ ಬಂದು ನೋಡ್ತೀನಿ. ನಿನ್ನ ಸೊಸೆ ಹೆರಿಗೇಲೂ ನಾನೇ ಇದ್ದೆ ಅಲ್ವಾ?’ ದೊಡ್ಡಮ್ಮ ತಕ್ಷಣ ಹೂಂ ಅನ್ನಲಿಲ್ಲ. ‘ಬಿಪಿ ಐತಲ್ಲ ನಂಗೆ’ ಅಂದರು. ‘ಅದನ್ನೂ ಅಲ್ಲೇ ನೋಡ್ತಾರೆ, ನಿನ್ನ ಪಕ್ಕದಲ್ಲೇ ನಿಂತಿರ್ತೀನಿ’ ಅಂದರು ಇವರು. ಮೂರನೇ ದಿನ ದೊಡ್ಡಮ್ಮ ಹೊರಟರು, ಜೊತೆಗೆ ಓರಗಿತ್ತಿಯನ್ನೂ ಎಬ್ಬಿಸಿಕೊಂಡು. ಜ್ವರ ಬಂತು. ಹೇಳಿದ ಹಾಗೇ ಬಂತು ಅಂತ ಯಾರೂ ಗಾಬರಿ ಬೀಳಲಿಲ್ಲ.

ಇದರ ಪಕ್ಕದಲ್ಲಿ ಚಾಮರಾಜನಗರವನ್ನು ಇಟ್ಟು ನೋಡಿ. 2021ರ ಮೇ 2, 3ರಂದು ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತರು. ಅದಾಗಿ ನಾಲ್ಕು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಅದೇ ಜಿಲ್ಲೆಯಲ್ಲಿ ‘ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ’ ಅನ್ನುವ ಮಾತು ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಉಸಿರಿಗೆ ಗತಿಯಿಲ್ಲದ್ದನ್ನು ಕಂಡವರಿಗೆ, ಅದೇ ಸರ್ಕಾರದ ಸೂಜಿಯನ್ನು ನಂಬು, ಇಲ್ಲದಿದ್ದರೆ ಅಕ್ಕಿ ಕೊಡಲ್ಲ ಅಂದರೆ ಏನನ್ನಿಸಬೇಕು? ಅಲ್ಲಿಯ ಅನುಮಾನಕ್ಕೆ ಕಾರಣ ಇತ್ತು. ಅಂಕಿಸಂಖ್ಯೆ ಮುಟ್ಟಲು ಆ ದಾರಿ ನೆರವಾಗಬಹುದು, ಆದರೆ ಮುಂದಿನ ಲಸಿಕೆ ಹೊತ್ತಿಗೆ ಆ ಮನೆಯವರಿಗೆ ನೆನಪಿರುವುದು ಅಕ್ಕಿಯ ಬೆದರಿಕೆಯೇ.

ಅಪರೂಪದ ಅಪಾಯವನ್ನು ಹೇಳುವುದರಲ್ಲೂ ಹೀಗೇ ಆಯಿತು. ಕೋವಿಶೀಲ್ಡ್ ಥರದ ಲಸಿಕೆಯಿಂದ ಬಲು ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಅನ್ನುವುದು ಗುಟ್ಟೇನೂ ಆಗಿರಲಿಲ್ಲ. 2021ರ ಮೇನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಅಂಥ 26 ಸಂಭವನೀಯ ಪ್ರಕರಣ ಹೇಳಿತ್ತು, ಅಂದರೆ ಹತ್ತು ಲಕ್ಷ ಡೋಸ್‌ಗೆ 0.61. ಅದು ಆಗುವುದಾದರೆ ಲಸಿಕೆ ಪಡೆದ ಕೆಲವೇ ವಾರಗಳ ಒಳಗೆ. ಈ ಎರಡು ಸಾಲನ್ನು ಊರೂರಿನ ಕೇಂದ್ರದಲ್ಲಿ ಆವತ್ತೇ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. 2024ರಲ್ಲಿ, ಅಪರೂಪಕ್ಕೆ ಹೀಗಾಗಬಹುದು ಅಂತ ಲಸಿಕೆ ಕಂಪನಿ ಅಸ್ಟ್ರಾಜೆನೆಕಾ ಬ್ರಿಟನ್ನಿನ ಕೋರ್ಟ್ ಕಾಗದದಲ್ಲಿ ಒಪ್ಪಿಕೊಂಡ ಸುದ್ದಿ ವಾಟ್ಸಾಪ್‌ಗೆ ಬಂದಾಗ, ಮೂರು ವರ್ಷದ ಹಿಂದೆ ಹಾಕಿಸಿಕೊಂಡವರೆಲ್ಲ ‘ನಮ್ಮಿಂದ ಮುಚ್ಚಿಟ್ಟರು’ ಅಂತ ರಾತ್ರಿ ನಿದ್ದೆಗೆಟ್ಟರು. ಹಾಸನದ ಗಾಬರಿಗೆ ನೆಲ ಹದವಾಗಿದ್ದು ಆಗಲೇ.

ಈ ಕೆಲಸವನ್ನು ಮಾಡಬಲ್ಲವರು ಆಶಾ ಕಾರ್ಯಕರ್ತೆಯರು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿಯೆಲ್ಲ ಕೂತಿದ್ದರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ ಗೌರವಧನ. 10,000ದ ಭರವಸೆ ಸಿಕ್ಕಿತು. ಅದು ಕೈಗೆ ಬರಲಿಲ್ಲ ಅಂತ ಆಗಸ್ಟ್‌ನಲ್ಲಿ ಮತ್ತೆ ಬೀದಿಗೆ ಬಂದರು. ಈಗ ನಮ್ಮೂರಿನ ತಾಯಂದಿರು ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯಲು ಕೊಡುವ ಎಚ್‌ಪಿವಿ ಲಸಿಕೆ ಬಗ್ಗೆ ಕೇಳುತ್ತಿದ್ದಾರೆ. ‘ಮುಂದೆ ಮಕ್ಕಳಾಗೋದಕ್ಕೆ ತೊಂದರೆ ಇಲ್ವಾ?’ ಅನ್ನುವುದು ಅವರ ಮೊದಲ ಪ್ರಶ್ನೆ. ತೊಂದರೆ ಇಲ್ಲ ಅನ್ನುವುದು ಉತ್ತರ. ಅದನ್ನು ಅವರ ಜಗಲಿಗೆ ಹೋಗಿ, ಕೂತು, ಮತ್ತೆ ಮತ್ತೆ ಕೇಳಿದರೂ ಬೇಸರಪಡದೆ ಹೇಳುವವರಿಗೆ ಮೊದಲು ಸಂಬಳ ಕೊಡಿ.